ಕಿಕ್ಕರ್ ಸದ್ದಿಗೇ ಗಾಡಿ ಹೆಸರು ಹೇಳೋ ಕಿವಿಗಳು

ಇವತ್ತಿನ ಸಂಚಿಕೆಗೆ ಇಯರ್‌ಫೋನ್ ಹಾಕ್ಕೊಂಡರೆ ಒಳ್ಳೇದು. ಓದ್ತಾ ಇರೋರು ಶಬ್ದಗಳನ್ನ ಮನಸ್ಸಲ್ಲೇ ಕಲ್ಪಿಸಿಕೊಳ್ಳಿ. ವಿಷಯ ಹಳೇ ಬೈಕು. ಆದರೆ ಅದರ ಫೋಟೋ, ಬಣ್ಣ, ಕ್ರೋಮ್ ಟ್ಯಾಂಕು ಯಾವುದೂ ಇವತ್ತು ಬೇಡ. ಬರೀ ಸದ್ದು ಸಾಕು.

ಕಡೂರು, ತರೀಕೆರೆ, ಅಜ್ಜಂಪುರ ಸುತ್ತ ಹಳೇ ಬೈಕು ಇಟ್ಟುಕೊಂಡಿರೋರು, ಅದನ್ನ ರಿಪೇರಿ ಮಾಡೋರು ಅನೇಕರಿದ್ದಾರೆ. ಇವರಲ್ಲಿ ಕೆಲವರಿಗೆ ಒಂದು ವಿದ್ಯೆ ಗೊತ್ತು. ರಸ್ತೆಗೆ ಬೆನ್ನು ಹಾಕಿ ಕೂತಿದ್ದರೂ ಹಿಂದೆ ಹೋದ ಗಾಡಿ ಜಾವಾನೋ, ಯೆಜ್ಡಿ ರೋಡ್‌ಕಿಂಗೋ, ರಾಜ್‌ದೂತೋ ಅಂತ ಹೇಳಿಬಿಡ್ತಾರೆ. ಇದು ಮ್ಯಾಜಿಕ್ ಅಲ್ಲ. ಇದರ ಹಿಂದೆ ಎಂಜಿನ್ ಲೆಕ್ಕ ಇದೆ, ಮೈಸೂರಿನ ಒಂದು ಕಾರ್ಖಾನೆಯ ಚರಿತ್ರೆ ಇದೆ.

ಮೊದಲು ಲೆಕ್ಕ ನೋಡೋಣ. ನಾನು ಬಿ.ಕಾಂ. ಓದಿದವನು, ಲೆಕ್ಕ ಬಿಟ್ಟರೆ ನನಗೆ ಬೇರೆ ದಾರಿ ಇಲ್ಲ. ಬುಲೆಟ್ ಫೋರ್ ಸ್ಟ್ರೋಕ್ ಗಾಡಿ. ಎಂಜಿನ್ ಎರಡು ಸುತ್ತು ತಿರುಗಿದರೆ ಒಂದು ಸಲ ಪೆಟ್ರೋಲ್ ಹೊತ್ತಿಕೊಳ್ಳುತ್ತೆ. ನಿಂತಲ್ಲೇ ನಿಮಿಷಕ್ಕೆ 960 ಸುತ್ತು ತಿರುಗ್ತಾ ಇದೆ ಅಂದುಕೊಳ್ಳಿ. ಆಗ 480 ಹೊಡೆತ, ಅಂದರೆ ಸೆಕೆಂಡಿಗೆ 8. ಅದಕ್ಕೇ ‘ಡುಗ್ ಡುಗ್’ ಬಿಡಿಬಿಡಿಯಾಗಿ ಕೇಳೋದು. ಜಾವಾ ಟೂ ಸ್ಟ್ರೋಕ್. ಪ್ರತಿ ಸುತ್ತಿಗೂ ಒಂದು ಹೊಡೆತ, ಸೆಕೆಂಡಿಗೆ 16. ಬಿಡಿ ಸದ್ದುಗಳು ಒಂದಕ್ಕೊಂದು ಅಂಟಿಕೊಂಡು ಗುಂಯ್‌ಗುಡಬೇಕು, ಅಲ್ವಾ?

ಆದರೆ ಹಾಗಾಗಲ್ಲ. ಗಾಡಿ ನಿಂತಲ್ಲೇ ಓಡುವಾಗ ಸುಟ್ಟ ಹೊಗೆ ಸಿಲಿಂಡರ್‌ನಿಂದ ಪೂರ್ತಿ ಆಚೆ ಹೋಗಲ್ಲ. ಆ ಹೊಗೆ ಜಾಸ್ತಿ ಇದ್ದ ಸುತ್ತಿನಲ್ಲಿ ಬೆಂಕಿ ಹೊತ್ತಲ್ಲ, ಮುಂದಿನ ಸುತ್ತಿನಲ್ಲಿ ಹೊತ್ತುತ್ತೆ. ಹೀಗೆ ಮಧ್ಯೆ ಮಧ್ಯೆ ತಾಳ ತಪ್ಪುತ್ತೆ. ರೇಸ್ ಕೊಟ್ಟ ತಕ್ಷಣ ತಾಳ ಕೂಡಿಕೊಂಡು ಒಂದೇ ಸ್ವರ ಆಗುತ್ತೆ. ಹಳೇ ಟೂ ಸ್ಟ್ರೋಕ್‌ನ ಗುರುತು ಅದೇ: ನಿಂತಾಗ ತಾಳ ತಪ್ಪಬೇಕು, ಓಡುವಾಗ ಸೇರಬೇಕು.

ತರೀಕೆರೆಯಲ್ಲಿ ನಲವತ್ತು ವರ್ಷ ಸ್ಪ್ಯಾನರ್ ಹಿಡಿದ ಮೆಕಾನಿಕ್ ಒಬ್ಬರು ನನಗೆ ಹೇಳಿದ್ದು ಹೀಗೆ: ‘ನೋಡಪ್ಪ, ರೇಸ್ ಕೊಟ್ಟಾಗ ಎಲ್ಲಾ ಗಾಡಿನೂ ಸುಳ್ಳು ಹೇಳ್ತವೆ. ರೇಸ್ ಬಿಟ್ಟಾಗ ಕೇಳು, ಆಗ ನಿಜ ಹೇಳ್ತವೆ.’ ಬಿಟ್ಟಾಗ ಬರುವ ಪಟ ಪಟ ಸದ್ದಿನಲ್ಲಿ ಬೇರಿಂಗ್ ಸವೆದಿದೆಯಾ, ಪಿಸ್ಟನ್ ಸಡಿಲವಾ, ಸೈಲೆನ್ಸರ್ ಒಳಗಿನ ತಡೆ ತೆಗೆದು ಹಾಕಿದ್ದಾರಾ ಅನ್ನೋದು ಅವರಿಗೆ ಗೊತ್ತಾಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಗಾಡಿಯ ಆಡಿಟ್ ರಿಪೋರ್ಟು.

ಈಗ ಚರಿತ್ರೆಗೆ ಬರೋಣ. ಜಾವಾ ಅನ್ನೋ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧ ಇಲ್ಲ. 1929ರಲ್ಲಿ ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ಹಕ್ಕು ಕೊಂಡರು. ಯಾನೆಚೆಕ್‌ನ ‘ಜಾ’, ವಾಂಡರರ್‌ನ ‘ವಾ’ ಸೇರಿ ಜಾವಾ ಆಯ್ತು. ಈ ಗಾಡಿಯನ್ನ ನಮ್ಮಲ್ಲಿಗೆ ತಂದದ್ದು ಇರಾನಿ ಕುಟುಂಬ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯ್ತು. 1961ರಲ್ಲಿ ಅದನ್ನ ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಅಂತ ಬದಲಾಯ್ತು. ಇರಾನಿನ ಯಜ್ದ್ ಊರಿನ ನೆನಪಿಗೆ ಇಟ್ಟ ಹೆಸರು ಅಂತಾರೆ.

ಈ ಗಾಡಿಯಲ್ಲಿ ಎರಡು ವಿಚಿತ್ರ ಇವೆ. ಒಂದು, ಸಿಲಿಂಡರ್ ಒಂದೇ ಆದರೂ ಹೊಗೆ ಹೋಗೋಕೆ ಎರಡು ದಾರಿ, ಎರಡು ಸೈಲೆನ್ಸರ್. ಸದ್ದು ಎರಡೂ ಕಡೆಯಿಂದ ಬರೋದರಿಂದ ಹಿಂದೆ ನಿಂತು ಕೇಳಿದರೆ ತುಂಬಿಕೊಂಡ ಹಾಗಿರುತ್ತೆ. ಎರಡು, ಕಿಕ್ಕರ್ರು ಗೇರೂ ಒಂದೇ ಲಿವರ್. ಒಳಗೆ ತಳ್ಳಿ ಮೇಲೆತ್ತಿದರೆ ಕಿಕ್ಕರ್, ಸ್ಟಾರ್ಟ್ ಆದಮೇಲೆ ಮುಂದೆ ಬಗ್ಗಿಸಿದರೆ ಗೇರು. ಸ್ಟಾರ್ಟ್ ಆದ ಮೇಲೆ ಅದೇ ಲಿವರ್ ಗೇರಿನ ಜಾಗಕ್ಕೆ ಬರುವ ‘ಟಕ್’ ಸದ್ದೂ ಒಂದು ಸುಳಿವು. ಗಾಡಿ ಹೊರಡೋಕೆ ಮುಂಚೆನೇ ಅರ್ಧ ಉತ್ತರ ಸಿಕ್ಕಿತು!

ಜಾವಾ 250 ಸುಮಾರು 12 ಅಶ್ವಶಕ್ತಿಯ ಗಾಡಿ. ಆಮೇಲೆ ಬಂದ ರೋಡ್‌ಕಿಂಗ್‌ದು 16. ಶಕ್ತಿ ಹೆಚ್ಚಾದ ಹಾಗೆ ರೋಡ್‌ಕಿಂಗ್ ಧ್ವನಿ ಚೂಪಾಗಿದೆ, ಜಾವಾದ್ದು ಗಂಭೀರ. ಯಮಹಾ ಆರ್‌ಎಕ್ಸ್ 100 ನಮ್ಮಲ್ಲಿಗೆ ಬಂದದ್ದು 1985ರಲ್ಲಿ. ಅದು ಬರೀ 98 ಸಿಸಿ, ಸಿಲಿಂಡರ್ ಚಿಕ್ಕದು, ಸ್ವರ ಎತ್ತರದಲ್ಲಿ. ಎಸ್ಕಾರ್ಟ್ಸ್‌ನವರು 1983ರಲ್ಲಿ ತಂದ ರಾಜ್‌ದೂತ್ 350ಗೆ ಎರಡು ಸಿಲಿಂಡರ್. ಒಂದು ಪಿಸ್ಟನ್ ಮೇಲಿದ್ದರೆ ಇನ್ನೊಂದು ಕೆಳಗೆ, ಪ್ರತಿ ಸುತ್ತಿಗೆ ಎರಡು ಹೊಡೆತ. ಅದಕ್ಕೇ ಅದು ಒಂಟಿ ಸಿಲಿಂಡರ್ ಹಾಗೆ ಪಟಪಟ ಅನ್ನಲ್ಲ, ನೂಲು ಎಳೆದ ಹಾಗೆ ‘ರೊಯ್ಯ್’ ಅಂತ ಹೋಗುತ್ತೆ.

ನಮ್ಮ ಮೂರು ಊರುಗಳ ನೆಲ ಒಂದೇ ಥರ ಇಲ್ಲ. ಅಜ್ಜಂಪುರದ ಕಡೆ ಬಯಲು, ಈರುಳ್ಳಿ ಹೊಲ, ಅಮೃತಮಹಲ್ ಕಾವಲು. ಅಲ್ಲಿ ಸದ್ದಿಗೆ ಅಡ್ಡ ಕಡಿಮೆ. ತರೀಕೆರೆ ಕಡೆ ಅಡಿಕೆ ತೋಟ, ದಟ್ಟ ಹಸಿರು. ಎಲೆ, ಗಿಡ ಚೂಪು ಸ್ವರವನ್ನ ಸ್ವಲ್ಪ ನುಂಗಿ ದಪ್ಪ ಸ್ವರವನ್ನ ಬಿಟ್ಟುಕೊಡುತ್ವೆ. ಕಡೂರಲ್ಲಿ ಹೈವೇ, ಲಾರಿ ಗದ್ದಲ. ಒಂದೇ ಜಾವಾ ಈ ಮೂರು ಕಡೆ ಮೂರು ಥರ ಕೇಳಿಸುತ್ತೆ. ಅದಕ್ಕೇ ಬಲ್ಲವರು ಸದ್ದಿನ ಜೋರು ನೋಡಲ್ಲ, ತಾಳ ನೋಡ್ತಾರೆ. ದೂರ ಹೋದರೂ ತಾಳ ಬದಲಾಗಲ್ಲ.

ಹಾಗಾದರೆ ಈ ಗಾಡಿಗಳು ಯಾಕೆ ಮಾಯ ಆದವು? ಟೂ ಸ್ಟ್ರೋಕ್‌ನಲ್ಲಿ ಹೊಸ ಪೆಟ್ರೋಲ್ ಒಳಗೆ ಬರುವ ಹೊತ್ತಿಗೆ ಹೊಗೆ ಹೋಗುವ ದಾರಿನೂ ತೆರೆದೇ ಇರುತ್ತೆ. ಸ್ವಲ್ಪ ಪೆಟ್ರೋಲ್ ಸುಡದೇ ಆಚೆ ಹೋಗುತ್ತೆ. ಜೊತೆಗೆ ಪೆಟ್ರೋಲ್‌ಗೆ ಬೆರೆಸಿದ ಆಯಿಲ್ ನೀಲಿ ಹೊಗೆ ಆಗುತ್ತೆ. ಜೇಬಿಗೂ ನಷ್ಟ, ಗಾಳಿಗೂ ನಷ್ಟ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಫೋರ್ ಸ್ಟ್ರೋಕ್ ಗಾಡಿ, ಮೈಲೇಜಿನಲ್ಲಿ ಎಲ್ಲರನ್ನೂ ಸೋಲಿಸಿತು. ಹೊಗೆ ನಿಯಮಗಳೂ ಬಿಗಿಯಾದವು. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಗಾಡಿಗಳ ಮೇಲೆ ವಾಪಸ್ ಬಂತು. ಆದರೆ ಅವು ಫೋರ್ ಸ್ಟ್ರೋಕ್. ಹೆಸರು ಬಂತು, ಆ ಸದ್ದು ಬರಲಿಲ್ಲ. ಗಾಳಿಯ ದೃಷ್ಟಿಯಿಂದ ಅದು ಸರಿಯೇ. ಊರಿನ ಪ್ರತಿ ಗಾಡಿನೂ ನೀಲಿ ಹೊಗೆ ಉಗುಳಲಿ ಅಂತ ಯಾರೂ ಕೇಳ್ತಿಲ್ಲ.

ಈಗ ದುಡ್ಡಿನ ವಿಷಯ. ಹಳೇ ಜಾವಾಗೆ ಈಗ ಒಳ್ಳೆ ಬೆಲೆ. ಹಾಗಾಗಿ ಯೆಜ್ಡಿಗೆ ಜಾವಾ ಟ್ಯಾಂಕು ಕೂರಿಸಿ ಮಾರೋದೂ ಉಂಟು. ಬಣ್ಣ ಬಳಿಯಬಹುದು, ಲಾಂಛನ ಅಂಟಿಸಬಹುದು. ಎಂಜಿನ್ನಿನ ಸ್ವರ ಬದಲಿಸೋದು ಅಷ್ಟು ಸುಲಭ ಅಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ‘ವಿಎ’ ಸರಣಿಯ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ. ಚಾಸಿ, ಎಂಜಿನ್ ಬದಲಾಗಿರಬಾರದು. ಕಾಗದದಲ್ಲಿ ಎಂಜಿನ್ ನಂಬರ್ ನೋಡ್ತಾರೆ. ನಂಬರ್ ಸರಿ ಇದ್ದು ಒಳಗಿನ ಸಾಮಾನು ಬೇರೆ ಆಗಿದ್ದರೆ? ಅಲ್ಲೇ ಕಿವಿ ಬೇಕಾಗೋದು. ಸದ್ದು ತೀರ್ಪಲ್ಲ, ಆದರೆ ಒಳ್ಳೆ ಸಾಕ್ಷಿ.

ಆ ಸಾಕ್ಷಿ ಹೇಳಬಲ್ಲವರ ವಯಸ್ಸು ಈಗ ಅರವತ್ತು, ಎಪ್ಪತ್ತು. ಅವರ ವಿದ್ಯೆ ಯಾವ ಮ್ಯಾನ್ಯುವಲ್‌ನಲ್ಲೂ ಇಲ್ಲ. ‘ಹುಡುಗರು ಈಗ ಲ್ಯಾಪ್‌ಟಾಪ್ ಚುಚ್ಚಿ ರಿಪೇರಿ ಮಾಡ್ತಾರೆ, ಕಿವಿ ಕೊಡೋರು ಯಾರು?’ ಅಂತ ಅಜ್ಜಂಪುರದ ಹಿರಿಯರೊಬ್ಬರು ನಗ್ತಾ ಕೇಳಿದರು.

ಕಿವಿ ಕೊಡೋಕೆ ನಮ್ಮ ಹತ್ತಿರ ಫೋನ್ ಇದೆಯಲ್ಲ! ನಿಮ್ಮ ಮನೆಯಲ್ಲೋ ಪಕ್ಕದ ಬೀದಿಯಲ್ಲೋ ಹಳೇ ಗಾಡಿ ಇದ್ದರೆ ಒಂದು ಕೆಲಸ ಮಾಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಗಾಡಿ ಹಿಂದೆ ಎರಡು ಮೀಟರ್ ದೂರದಲ್ಲಿ ಫೋನ್ ಇಡಿ. ಕಿಕ್ಕರ್ ಹೊಡೆಯೋದರಿಂದ ಶುರು ಮಾಡಿ. ಒಂದು ನಿಮಿಷ ನಿಂತಲ್ಲೇ ಓಡಲಿ, ಮೂರು ಸಲ ರೇಸ್ ಕೊಟ್ಟು ಬಿಡಿ, ಆಮೇಲೆ ಆಫ್ ಮಾಡಿ. ಗಾಡಿ ಹೆಸರು, ಇಸವಿ, ಯಾವ ಊರು ಅಂತ ಕೊನೆಗೆ ಬಾಯಲ್ಲೇ ಹೇಳಿ. ಪಕ್ಕದಲ್ಲಿ ಹಳೇ ಮೆಕಾನಿಕ್ ಇದ್ದರೆ ಆ ಸದ್ದಿನಲ್ಲಿ ಅವರಿಗೆ ಏನು ಕೇಳಿಸ್ತು ಅಂತ ಅವರ ಮಾತಲ್ಲೇ ಹೇಳಿಸಿ. ಗಾಡಿ ಸದ್ದಿಗಿಂತ ಆ ಎರಡು ಮಾತು ಹೆಚ್ಚು ಬೆಲೆಬಾಳುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.