ಯಂತ್ರಶುದ್ಧಿಯೂ ಕೂಲಿಕಾರರ ಅಪಘಾತಗಳೂ

ಮರ ಕೊಯ್ಯುವ ಕಾರ್ಖಾನೆಯಲ್ಲಿ ಅಪಾಯವೆಂಬುದು ಮರ ಕೊಯ್ಯುವ ಸಮಯಕ್ಕೇ ಸೇರಿದ್ದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಕೊಯ್ಯುವಾಗ ಕೆಲಸಗಾರನ ಕಣ್ಣು ಗರಗಸದ ಹಲ್ಲಿನ ಮೇಲೆಯೇ ಇರುತ್ತದೆ. ಮೇಜಿನ ಕೆಳಗೆ ಕಟ್ಟಿಕೊಂಡ ಹೊಟ್ಟನ್ನು ಗೋರುವಾಗ ಹೊಟ್ಟಿನ ಮೇಲಿರುತ್ತದೆ. ಯಂತ್ರವನ್ನು ನಿಲ್ಲಿಸೋಣವೆಂದರೆ ಹೊತ್ತು ಹಾಳು. ನಿಲ್ಲಿಸಿದರೂ ಭಾರವಾದ ಚಕ್ರಗರಗಸವು ತನ್ನ ವೇಗದಿಂದಲೇ ಇನ್ನಷ್ಟು ಕಾಲ ಸುತ್ತುತ್ತದೆ. ಕೈ ಅಷ್ಟು ಹೊತ್ತು ಕಾಯುವುದಿಲ್ಲ.

ಈ ಬಗೆಯ ಅಪಾಯವನ್ನು ಕಾನೂನು ಮೊದಲು ಗುರುತಿಸಿದ್ದು ಇಂಗ್ಲೆಂಡಿನ ಬಟ್ಟೆಯ ಗಿರಣಿಗಳಲ್ಲಿ. ಅಲ್ಲಿ ನೂಲುವ ಯಂತ್ರದ ಒಂದು ಭಾಗ ಮುಂದಕ್ಕೂ ಹಿಂದಕ್ಕೂ ಚಲಿಸುತ್ತಿರುವಾಗಲೇ ಅದರ ಅಡಿಯಲ್ಲಿ ನುಸುಳಿ ಹತ್ತಿಯ ಕಸವನ್ನು ಗುಡಿಸುವುದಕ್ಕೆ ಮಕ್ಕಳನ್ನು ಇಡುತ್ತಿದ್ದರು. ಸಣ್ಣ ದೇಹವೇ ಆ ಕೆಲಸಕ್ಕೆ ಬೇಕಾದ ಅರ್ಹತೆ! 1844ರ ಶಾಸನವು ಚಲಿಸುತ್ತಿರುವ ಗಿರಣಿಯ ಚಾಲಕ ಚಕ್ರ ದಂಡಗಳನ್ನು ಮಕ್ಕಳಿಂದಲೂ ತರುಣರಿಂದಲೂ ಸ್ತ್ರೀಯರಿಂದಲೂ ಶುಚಿ ಮಾಡಿಸಕೂಡದೆಂದು ವಿಧಿಸಿತು. ಹದಿನೆಂಟು ತುಂಬಿದ ಗಂಡಸಿನ ಮಾತನ್ನು ಎತ್ತಲಿಲ್ಲ. ಅವನು ಬುದ್ಧಿ ಬಲಿತವನು, ತನ್ನ ಕೈಯನ್ನು ತಾನೇ ಕಾಪಾಡಿಕೊಳ್ಳಲಿ ಎಂಬುದು ಆ ಕಾಲದ ತರ್ಕ.

ಅಷ್ಟು ಕಟ್ಟಳೆಯನ್ನೂ ಧಣಿಗಳು ಸಹಿಸಲಿಲ್ಲ. ತಿರುಗುವ ದಂಡಗಳಿಗೆ ಬೇಲಿ ಹಾಕಬೇಕೆಂದು ಲೆನರ್ಡ್ ಹಾರ್ನರ್ ಮೊದಲಾದ ಇನ್ಸ್‌ಪೆಕ್ಟರುಗಳು ಹಟ ಹಿಡಿದಾಗ, 1855ರಲ್ಲಿ ಅವರು ಒಂದು ಸಂಘವನ್ನೇ ಕಟ್ಟಿದರು. ಡಿಕನ್ಸನ ಸಂಪಾದಕತ್ವದ ಪತ್ರಿಕೆ ಆ ಸಂಘವನ್ನು ಕಟುವಾಗಿ ಹಳಿಯಿತು. ಧಣಿಗಳ ಪಕ್ಷ ವಹಿಸಿದವಳು ಹ್ಯಾರಿಯೆಟ್ ಮಾರ್ಟಿನೊ. ಗುಲಾಮಗಿರಿಯನ್ನು ವಿರೋಧಿಸಿ ಕೀರ್ತಿ ಪಡೆದ ಆ ವಿದುಷಿಯ ಲೇಖನಿ ಇಲ್ಲಿ ಹೀಗೇಕೆ ತಿರುಗಿತೋ, ನನಗಂತೂ ಇಂದಿಗೂ ಸೋಜಿಗ. ಮರುವರ್ಷವೇ ಪಾರ್ಲಿಮೆಂಟು ಬೇಲಿಯ ಕಟ್ಟಳೆಯನ್ನು ಸಡಿಲಿಸಿತು.

ಮರದ ಕಾರ್ಖಾನೆಗಳ ಸರದಿ ಬಹಳ ತಡವಾಗಿ ಬಂತು. 1922ರಲ್ಲಿ ಬ್ರಿಟನ್ನಿನಲ್ಲಿ ಮರಗೆಲಸದ ಯಂತ್ರಗಳಿಗೆಂದೇ ನಿಯಮಗಳಾದುವು. ಚಕ್ರಗರಗಸದ ಮೇಜಿನ ಕೆಳಗಿನ ಭಾಗಕ್ಕೆ ಎರಡು ಪಕ್ಕಗಳಲ್ಲಿಯೂ ಫಲಕಗಳಿರಬೇಕು, ಅವುಗಳ ನಡುವಣ ಅಂತರ ಆರು ಅಂಗುಲವನ್ನು ಮೀರಕೂಡದು ಎಂದು ಅವು ಹೇಳಿದುವು. ಹೊಟ್ಟು ಗೋರುವ ಕೈ ಹೋಗುವ ಸ್ಥಳವನ್ನು ಶಾಸನಕಾರರು ಕೊನೆಗೂ ಬಗ್ಗಿ ನೋಡಿದರು!

ನಮ್ಮ ದೇಶದ 1948ರ ಕಾರ್ಖಾನೆಗಳ ಶಾಸನವೂ ಚಲಿಸುವ ಯಂತ್ರವನ್ನು ಸ್ತ್ರೀಯರೂ ಮಕ್ಕಳೂ ಶುಚಿ ಮಾಡುವುದಕ್ಕೆ ತಡೆ ಹಾಕಿತು. ಓಡುವ ಯಂತ್ರವನ್ನು ಪರೀಕ್ಷಿಸಲೇಬೇಕಾದಲ್ಲಿ ವಿಶೇಷ ತರಬೇತಿ ಪಡೆದ ಪ್ರಾಯದ ಗಂಡಸು, ಮೈಗೆ ಬಿಗಿಯಾದ ಉಡುಪು ತೊಟ್ಟು, ಆ ಕೆಲಸವನ್ನು ಮಾಡಬೇಕೆಂದಿತು. ಪಂಚೆ ಉಟ್ಟು ಹೆಗಲಿಗೆ ವಸ್ತ್ರ ಹಾಕಿದ ನಮ್ಮ ಕೂಲಿಕಾರನನ್ನು ನೆನೆದರೆ ಆ ಉಡುಪಿನ ಮಾತು ಎಷ್ಟು ಮುಖ್ಯವೆಂದು ತಿಳಿಯುತ್ತದೆ. ಆದರೂ ಇಲ್ಲಿ ವಿಚಾರವೆಲ್ಲ ಯಾರ ಕೈ ಎಂಬುದನ್ನು ಕುರಿತದ್ದು.

ಯಂತ್ರವೇ ಮೊದಲು ನಿಶ್ಚೇಷ್ಟವಾಗಲಿ ಎಂಬ ವಿಚಾರ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ದೇಶವ್ಯಾಪಿಯಾದ ಪ್ರತ್ಯೇಕ ನಿಯಮವಾದದ್ದು 1989ರಲ್ಲಿ. ಅದರಂತೆ ಶುಚಿ ಮಾಡಲು ಯಂತ್ರದೊಳಗೆ ಕೈಯಿಡುವ ಮುನ್ನ ಶಕ್ತಿಯ ಮೂಲವನ್ನು ಮುಚ್ಚಿ ಬೀಗ ಹಾಕಬೇಕು. ಉಳಿದ ವೇಗವೆಲ್ಲ ಅಡಗಿತೆಂದು ನೋಡಿಕೊಳ್ಳಬೇಕು. ಮೂವರು ಕೆಲಸ ಮಾಡಿದರೆ ಮೂರು ಬೀಗ, ಒಬ್ಬೊಬ್ಬನ ಕೀಲಿಯೂ ಅವನವನ ಬಳಿಯಲ್ಲಿಯೇ.