ತೂಕಕ್ಕೆ ಸಿಗದ ಓಟ

1936ನೆಯ ಇಸವಿ ಫೆಬ್ರುವರಿ 8. ಅಮೆರಿಕದ ಫಿಲಡೆಲ್ಫಿಯಾ ನಗರದ ರಿಟ್ಸ್-ಕಾರ್ಲ್‌ಟನ್ ಹೋಟೆಲಿನಲ್ಲಿ ಒಂಬತ್ತು ಫುಟ್‌ಬಾಲ್ ತಂಡಗಳ ಒಡೆಯರೂ ಅವರ ಕಡೆಯವರೂ ಕೂಡಿದ್ದರು. ಎದುರಿನ ಕರಿಹಲಗೆಯ ಮೇಲೆ 90 ಹೆಸರುಗಳು. ಎಲ್ಲವೂ ಕಾಲೇಜು ಮುಗಿಸಲಿದ್ದ ಹುಡುಗರ ಹೆಸರುಗಳು. ಹುಡುಗರು ಮಾತ್ರ ಅಲ್ಲಿರಲಿಲ್ಲ. ಅವರನ್ನು ಯಾರೂ ಕರೆದೂ ಇರಲಿಲ್ಲ. ಯಾವ ಹುಡುಗ ಯಾವ ತಂಡದ ಪಾಲಿಗೆ ಎಂಬುದನ್ನು ತೀರ್ಮಾನಿಸುವುದೇ ಅಂದಿನ ಕಲಾಪ.

ಮೊದಲು ಕೂಗಿದ ಹೆಸರು ಜೇ ಬರ್ವಾಂಗರ್. ಚಿಕಾಗೋ ವಿಶ್ವವಿದ್ಯಾನಿಲಯದ ಓಟಗಾರ. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ, ಮುಂದೆ ಹೈಸ್‌ಮನ್ ಪಾರಿತೋಷಕವೆಂದು ಹೆಸರಾದ ಬಹುಮಾನವನ್ನು ಮೊಟ್ಟಮೊದಲು ಪಡೆದವನು ಆತನೇ. ಫಿಲಡೆಲ್ಫಿಯಾದ ‘ಈಗಲ್ಸ್’ ತಂಡ ಆತನನ್ನು ಆರಿಸಿಕೊಂಡಿತು. ಇಷ್ಟೆಲ್ಲ ಆದರೂ ಬರ್ವಾಂಗರ್ ವೃತ್ತಿ ಫುಟ್‌ಬಾಲನ್ನು ಒಂದು ದಿನವೂ ಆಡಲಿಲ್ಲ. ರಬ್ಬರಿನ ವ್ಯಾಪಾರಕ್ಕೆ ಇಳಿದು ಅದರಲ್ಲೇ ಅನುಕೂಲಸ್ಥನಾದ. ಹೀಗೆ ಮೊದಲ ದಿನದ ಮೊದಲ ತೂಕವೇ ತಪ್ಪಿತು.

ಅಂದು ತಪ್ಪಿದ ತಕ್ಕಡಿಯನ್ನು ಸರಿಪಡಿಸಲು ಅಮೆರಿಕದವರು ಅಂದಿನಿಂದಲೂ ಹೆಣಗುತ್ತಲೇ ಬಂದಿದ್ದಾರೆ. ಆ ಹೆಣಗಾಟದ ಕಥೆ ಆಟದ ಕಥೆ ಮಾತ್ರವಲ್ಲ. ಒಬ್ಬ ಮನುಷ್ಯನ ಯೋಗ್ಯತೆಯನ್ನು ಇನ್ನೊಬ್ಬ ಎಷ್ಟರ ಮಟ್ಟಿಗೆ ಅಳೆಯಬಲ್ಲ, ಅಳತೆ ತಪ್ಪಿದರೆ ಅದರ ದಂಡವನ್ನು ತೆರುವವರು ಯಾರು ಎಂಬ ಪ್ರಶ್ನೆಯೂ ಅದರಲ್ಲಿದೆ.

ಓಟಗಾರನ ಕೆಲಸ

ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಚೆಂಡನ್ನು ಒದೆಯುವ ಆಟ. ಅಮೆರಿಕದವರದು ಹೆಸರಿಗೆ ಮಾತ್ರ ಫುಟ್‌ಬಾಲ್. ಚೆಂಡು ಬಹುಪಾಲು ಕೈಯಲ್ಲೇ ಇರುತ್ತದೆ. ಪಕ್ಷಕ್ಕೆ ಹನ್ನೊಂದು ಜನ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನಗಳ ಅವಕಾಶ, ಸಾಗದಿದ್ದರೆ ಚೆಂಡು ಎದುರಾಳಿಗೆ. ಮುಂದೆ ಸಾಗಲು ಎರಡು ದಾರಿ. ‘ಕ್ವಾರ್ಟರ್‌ಬ್ಯಾಕ್’ ಎಂಬ ಸೂತ್ರಧಾರ ಚೆಂಡನ್ನು ಮುಂದಿರುವ ಜೊತೆಗಾರನಿಗೆ ಎಸೆಯಬಹುದು; ಇಲ್ಲವೇ ತನ್ನ ಬಳಿಯಲ್ಲೇ ನಿಂತ ‘ರನ್ನಿಂಗ್ ಬ್ಯಾಕ್’ ಎಂಬ ಓಟಗಾರನ ಕೈಗೆ ಕೊಡಬಹುದು.

ಚೆಂಡು ಕೈಗೆ ಬಂದ ಕ್ಷಣದಿಂದ ಎದುರು ಪಕ್ಷದ ಹನ್ನೊಂದು ಜನರಿಗೂ ಅವನೊಬ್ಬನೇ ಗುರಿ. ತನ್ನ ಕಡೆಯ ದೈತ್ಯರು ಮುಂದೆ ನೂಕಾಡಿ ಒಂದು ಸಂದು ಮಾಡಿಕೊಡುತ್ತಾರೆ. ಆ ಸಂದು ತೆರೆದಿರುವುದು ರೆಪ್ಪೆ ಮುಚ್ಚಿ ತೆರೆಯುವಷ್ಟು ಹೊತ್ತು. ಅದನ್ನು ಕಂಡು ನುಗ್ಗಬೇಕು. ಕೆಲವೊಮ್ಮೆ ತೆರೆಯುವ ಮೊದಲೇ ಊಹಿಸಿ ನುಗ್ಗಬೇಕು. ಎಲ್ಲವೂ ಕೂಡಿಬಂದರೂ ಒಂದು ಓಟಕ್ಕೆ ನಾಲ್ಕೈದು ಗಜ ದೊರೆತರೆ ಒಳ್ಳೆಯ ಗಳಿಕೆ. ಕೊನೆಗೆ ನೆಲಕ್ಕೆ ಬೀಳುವುದಂತೂ ಹೆಚ್ಚುಕಡಿಮೆ ನಿಶ್ಚಿತ. ಪೂರ್ಣಾವಧಿಯ ಓಟಗಾರ ಒಂದು ಋತುವಿನಲ್ಲಿ ಮುನ್ನೂರು ಬಾರಿ ಹೀಗೆ ಬಿದ್ದೇಳುತ್ತಾನೆ. ಈ ಕಸುಬಿನಲ್ಲಿ ಮೂವತ್ತಕ್ಕೆ ಮುಪ್ಪು.

ಆಯ್ಕೆಯ ಹುಟ್ಟು

ಆಟಗಾರರನ್ನು ಹಂಚಿಕೊಳ್ಳುವ ‘ಡ್ರಾಫ್ಟ್’ ಪದ್ಧತಿ ಹುಟ್ಟಿದ್ದಕ್ಕೂ ಒಬ್ಬ ಓಟಗಾರನೇ ನಿಮಿತ್ತನೆಂದು ಹೇಳುತ್ತಾರೆ. ಮಿನ್ನೆಸೋಟಾ ವಿಶ್ವವಿದ್ಯಾನಿಲಯದ ಸ್ಟ್ಯಾನ್ ಕೊಸ್ಟ್ಕಾ ಎಂಬ ಗಟ್ಟಿಗನಿಗಾಗಿ ತಂಡಗಳು ಪೈಪೋಟಿಗಿಳಿದವು. ಈಗಲ್ಸ್ ತಂಡದ ಒಡೆಯ ಬರ್ಟ್ ಬೆಲ್ ಎಷ್ಟು ಗೋಗರೆದರೂ ಆತ ಒಲಿಯಲಿಲ್ಲ. ಕೊನೆಗೆ 5,000 ಡಾಲರಿಗೆ ಬ್ರೂಕ್ಲಿನ್ ತಂಡವನ್ನು ಸೇರಿದ. ಹಣವುಳ್ಳ ತಂಡಗಳೇ ಗೆಲ್ಲುತ್ತ ಹೋದರೆ ಉಳಿದವು ಬಾಗಿಲು ಮುಚ್ಚಬೇಕಾದೀತು ಎಂಬ ಅಳಲು ಬೆಲ್‌ನದು. 1935ರ ಮೇ ತಿಂಗಳಲ್ಲಿ ಆತ ಒಡೆಯರ ಮುಂದೆ ಒಂದು ಸಲಹೆಯನ್ನಿಟ್ಟ: ಕೊನೆಯ ಸ್ಥಾನ ಪಡೆದ ತಂಡಕ್ಕೆ ಮೊದಲ ಆಯ್ಕೆ, ಗೆದ್ದ ತಂಡಕ್ಕೆ ಕೊನೆಯ ಆಯ್ಕೆ. ಒಡೆಯರೆಲ್ಲ ಒಪ್ಪಿದರು. ಆ ವರ್ಷ ಕೊನೆಗೆ ಬಿದ್ದದ್ದು ಬೆಲ್‌ನ ತಂಡವೇ!

ಇದು ಕ್ರಿಕೆಟ್ ಆಟಗಾರರ ಹರಾಜಿನಂತಲ್ಲ. ಹರಾಜಿನಲ್ಲಿ ಕೂಗುವವರು ಹೆಚ್ಚಿದಷ್ಟೂ ಆಟಗಾರನ ಬೆಲೆ ಏರುತ್ತದೆ. ಡ್ರಾಫ್ಟಿನಲ್ಲಿ ಒಂದು ತಂಡ ಹೆಸರು ಹಿಡಿದ ಮೇಲೆ ಉಳಿದವರು ಆ ಹುಡುಗನೊಡನೆ ವ್ಯವಹರಿಸುವಂತಿಲ್ಲ. ಬಡ ತಂಡಗಳಿಗೆ ಇದರಿಂದ ನ್ಯಾಯ ದೊರೆಯಿತೆಂಬುದು ನಿಜ. ಆದರೆ ಆ ನ್ಯಾಯದ ಖರ್ಚು ಬಿದ್ದದ್ದು ಆಟಗಾರನ ತಲೆಯ ಮೇಲೆ. ಬರ್ವಾಂಗರನ ಹಕ್ಕನ್ನು ಈಗಲ್ಸ್ ಚಿಕಾಗೋದ ‘ಬೇರ್ಸ್’ ತಂಡಕ್ಕೆ ದಾಟಿಸಿತು. ಆತ ಎರಡು ವರ್ಷಕ್ಕೆ 25,000 ಡಾಲರು ಕೇಳಿದನಂತೆ. ಬೇರ್ಸ್ ಒಡೆಯ ಜಾರ್ಜ್ ಹ್ಯಾಲಸ್ ಒಪ್ಪಲಿಲ್ಲ. ಇನ್ನೊಬ್ಬರ ಬಾಗಿಲು ತಟ್ಟುವ ಹಾಗಿರಲಿಲ್ಲ. ಆತ ಆಟವನ್ನೇ ಬಿಟ್ಟ.

ಕುರುಡು ತಕ್ಕಡಿ

ಆ ದಿನಗಳಲ್ಲಿ ಹುಡುಗರನ್ನು ತೂಗುತ್ತಿದ್ದ ಬಗೆ ಈಗ ನಗೆ ತರಿಸುವಂಥದು. ಬಹಳ ಜನ ಒಡೆಯರು ಪತ್ರಿಕೆ ಓದಿಯೇ ಆರಿಸುತ್ತಿದ್ದರು. ನ್ಯೂಯಾರ್ಕಿನ ‘ಜಯಂಟ್ಸ್’ ತಂಡದ ಒಡೆಯನ ಮಗ ವೆಲಿಂಗ್ಟನ್ ಮಾರಾ ಪರಊರಿನ ಪತ್ರಿಕೆಗಳನ್ನು ತರಿಸಿ ಟಿಪ್ಪಣಿ ಮಾಡಿಟ್ಟುಕೊಳ್ಳುತ್ತಿದ್ದದ್ದೇ ದೊಡ್ಡ ಸಾಹಸವೆನಿಸಿತ್ತು. ಊರೂರು ತಿರುಗಿ ಹುಡುಗರನ್ನು ನೋಡಿ ಬರುವುದಕ್ಕೆಂದೇ ಸಂಬಳದ ಆಳನ್ನಿಟ್ಟವರಲ್ಲಿ ಲಾಸ್ ಏಂಜಲೀಸಿನ ‘ರ್‍ಯಾಮ್ಸ್’ ತಂಡದವರು ಮೊದಲಿಗರು. ಅದು ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಮಾತು.

ಆದರೆ ತಕ್ಕಡಿಯ ದೋಷ ಅಜ್ಞಾನವೊಂದೇ ಅಲ್ಲ. 1939ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಕೆನ್ನಿ ವಾಷಿಂಗ್ಟನ್ ಓಟ ಎಸೆತಗಳೆರಡನ್ನೂ ಕೂಡಿಸಿದ ಗಳಿಕೆಯಲ್ಲಿ ಇಡೀ ದೇಶಕ್ಕೆ ಮೊದಲಿಗನಾಗಿದ್ದ. ಮುಂದಿನ ಆಯ್ಕೆಯಲ್ಲಿ ಆತನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಕಾರಣ ಒಂದೇ: ಆತ ಕರಿಯ. 1934ರಿಂದ 1945ರವರೆಗೆ ಆ ಸಂಘದ ಯಾವ ತಂಡದಲ್ಲಿಯೂ ಕರಿಯ ಆಟಗಾರನಿರಲಿಲ್ಲ. ಬರೆದಿಟ್ಟ ನಿಯಮವಿಲ್ಲದೆಯೇ ಹನ್ನೆರಡು ವರ್ಷ ಬಾಗಿಲು ಮುಚ್ಚಿತ್ತು.

1946ರಲ್ಲಿ ರ್‍ಯಾಮ್ಸ್ ತಂಡ ಲಾಸ್ ಏಂಜಲೀಸಿಗೆ ಬಂದು ಸಾರ್ವಜನಿಕ ಕ್ರೀಡಾಂಗಣವನ್ನು ಕೇಳಿದಾಗ ಕರಿಯರ ಪತ್ರಿಕೆಗಳವರು ಪಟ್ಟುಹಿಡಿದರು. ವಾಷಿಂಗ್ಟನ್‌ಗೆ ಕರೆ ಬಂತು. ಅಷ್ಟರಲ್ಲಿ ಆತನ ವಯಸ್ಸು 27. ಮೊಣಕಾಲಿಗೆ ಶಸ್ತ್ರಚಿಕಿತ್ಸೆಗಳಾಗಿದ್ದವು. ಆಡಿದ್ದು ಮೂರೇ ವರ್ಷ. ಆ ಕುಂಟುಗಾಲಿನಲ್ಲೂ 1947ರಲ್ಲಿ ಒಂದು ಬಾರಿ 92 ಗಜ ಓಡಿ ಗೆರೆ ದಾಟಿದ. ಕಾಲುಗಳು ನೆಟ್ಟಗಿದ್ದ ದಿನಗಳಲ್ಲಿ ಆತ ಇನ್ನೆಷ್ಟು ಓಡುತ್ತಿದ್ದನೋ, ಅದರ ಲೆಕ್ಕ ಯಾವ ದಾಖಲೆಯಲ್ಲೂ ಇಲ್ಲ. ಡ್ರಾಫ್ಟಿನಲ್ಲಿ ಮೊದಲ ಬಾರಿಗೆ ಒಬ್ಬ ಕರಿಯನ ಹೆಸರು ಕೇಳಿಬಂದದ್ದು 1949ರಲ್ಲಿ: ಇಂಡಿಯಾನಾದ ಜಾರ್ಜ್ ಟಾಲಿಯಫೆರೋ, ಅದೂ ಹದಿಮೂರನೆಯ ಸುತ್ತಿನಲ್ಲಿ.

ಸೆರಾಕ್ಯೂಸಿನ ಇಬ್ಬರು

1957ರ ಋತುವಿನ ಆಯ್ಕೆಯಲ್ಲಿ ಕ್ಲೀವ್‌ಲೆಂಡಿನ ‘ಬ್ರೌನ್ಸ್’ ತಂಡಕ್ಕೆ ಬೇಕಾಗಿದ್ದವನು ಒಬ್ಬ ಕ್ವಾರ್ಟರ್‌ಬ್ಯಾಕ್. ಅವರ ಸರದಿ ಆರನೆಯದು. ಮೆಚ್ಚಿದ್ದವರನ್ನು ಮುಂದಿನವರು ಒಬ್ಬೊಬ್ಬರಾಗಿ ಎತ್ತಿಕೊಂಡು ಹೋದರು. ಬೇರೆ ದಾರಿಯಿಲ್ಲದೆ ಸೆರಾಕ್ಯೂಸ್ ವಿಶ್ವವಿದ್ಯಾನಿಲಯದ ಜಿಮ್ ಬ್ರೌನ್ ಎಂಬ ಓಟಗಾರನನ್ನು ಆರಿಸಿದರು. ಆತ ಒಂಬತ್ತು ವರ್ಷ ಆಡಿ ಎಂಟು ವರ್ಷ ಓಟದಲ್ಲಿ ಅಗ್ರಸ್ಥಾನ ಪಡೆದ. 12,312 ಗಜ ಗಳಿಸಿದ. ಒಂದೊಂದು ಓಟಕ್ಕೆ ಸರಾಸರಿ 5.2 ಗಜ. ಹುಡುಕಿದ ಬಳ್ಳಿ ಸಿಗದೆ ಬೇರೊಂದು ಬಳ್ಳಿ ಕಾಲಿಗೆ ತೊಡರಿ, ಅದರಲ್ಲೇ ಹೊನ್ನಿನ ಕಾಯಿ ಬಿಟ್ಟಂತಾಯಿತು.

ಅದೇ ಸೆರಾಕ್ಯೂಸಿನಲ್ಲಿ ಬ್ರೌನನ ಹಿಂದೆಯೇ ಬಂದವನು ಎರ್ನಿ ಡೇವಿಸ್. ಬ್ರೌನ್ ತೊಡುತ್ತಿದ್ದ 44ರ ಅಂಗಿಯನ್ನೇ ತೊಟ್ಟು 1961ರಲ್ಲಿ ಹೈಸ್‌ಮನ್ ಗೆದ್ದ. ಅದನ್ನು ಗೆದ್ದ ಮೊದಲ ಕರಿಯ. ಆ ವರ್ಷ ಮೊದಲ ಆಯ್ಕೆ ವಾಷಿಂಗ್ಟನ್ ನಗರದ ತಂಡದ್ದು. ಅದರ ಒಡೆಯ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಕರಿಯರನ್ನು ಸೇರಿಸದೆ ಕೊನೆಯವರೆಗೆ ಹಟಹಿಡಿದವನು. ಹೊಸ ಕ್ರೀಡಾಂಗಣವಿದ್ದದ್ದು ಸರ್ಕಾರದ ನೆಲದಲ್ಲಿ. ಕೆನೆಡಿ ಸರ್ಕಾರದ ಮಂತ್ರಿ ಸ್ಟೂವರ್ಟ್ ಯೂಡಾಲ್ ಎಚ್ಚರಿಕೆ ಕೊಟ್ಟ ಮೇಲೆ ಮಾರ್ಷಲ್ ಬಾಗಿದ. ಡೇವಿಸನನ್ನು ಆರಿಸಿ, ಆತನನ್ನು ಕ್ಲೀವ್‌ಲೆಂಡಿಗೆ ಬಿಟ್ಟುಕೊಟ್ಟು, ಅಲ್ಲಿಂದ ಬಾಬಿ ಮಿಚೆಲ್ ಮೊದಲಾದವರನ್ನು ಪಡೆದ.

ಬ್ರೌನ್ ಮತ್ತು ಡೇವಿಸ್ ಜೊತೆಯಾಗಿ ಓಡುವುದನ್ನು ನೋಡಲು ಜನ ಕಾತರರಾಗಿದ್ದರು. 1962ರ ಬೇಸಿಗೆಯಲ್ಲಿ ವೈದ್ಯರು ಡೇವಿಸನಿಗೆ ರಕ್ತದ ಕ್ಯಾನ್ಸರ್ ಇರುವುದನ್ನು ಕಂಡರು. 1963ರ ಮೇ 18ರಂದು, 23ನೆಯ ವಯಸ್ಸಿನಲ್ಲಿ, ಒಂದು ಪಂದ್ಯವನ್ನೂ ಆಡದೆ ಆತ ತೀರಿಕೊಂಡ. ಆತ ತೊಡಬೇಕಾಗಿದ್ದ 45ರ ಅಂಗಿಯನ್ನು ಕ್ಲೀವ್‌ಲೆಂಡ್ ತಂಡ ಇನ್ನಾರಿಗೂ ಕೊಡದೆ ತೆಗೆದಿಟ್ಟಿತು. ತೂಗುವವರನ್ನು ಇಲ್ಲಿ ದೂರುವಂತಿಲ್ಲ. ಇದು ಯಾವ ತಕ್ಕಡಿಗೂ ಕಾಣದ ಸಂಗತಿ.

ಗಡಿಯಾರ ಬಂತು

ಕ್ರಮೇಣ ಪತ್ರಿಕೆಯ ಜಾಗಕ್ಕೆ ಗಡಿಯಾರ ಬಂತು. 1987ರಿಂದ ಇಂಡಿಯಾನಾಪೊಲಿಸ್ ನಗರದಲ್ಲಿ ವರ್ಷಕ್ಕೊಮ್ಮೆ ಮುನ್ನೂರಕ್ಕೂ ಹೆಚ್ಚು ಹುಡುಗರನ್ನು ಕರೆಸಿ ಪರೀಕ್ಷಿಸುವ ಏರ್ಪಾಡು ನಡೆದುಬಂದಿದೆ. ಎತ್ತರ, ತೂಕ, ಅಂಗೈಯ ಅಗಲ, ನಿಂತಲ್ಲಿಂದ ನೆಗೆಯುವ ನೆಗೆತ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ವೈದ್ಯರು ಮೊಣಕಾಲನ್ನು ತಿರುಚಿ ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದುದು 40 ಗಜದ ಓಟ. ನಾಲ್ಕೂವರೆ ಸೆಕೆಂಡಿನೊಳಗೆ ಮುಗಿಸಿದವನನ್ನು ವೇಗಿಯೆನ್ನುತ್ತಾರೆ. ದನದ ಜಾತ್ರೆಯಲ್ಲಿ ಹಲ್ಲು ಹಿಡಿದು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವ ವ್ಯಾಪಾರಿಗಳ ನೆನಪು ನಮಗೆ ಬಂದರೆ ಅದು ನಮ್ಮ ತಪ್ಪಲ್ಲ. ಆ ದೇಶದಲ್ಲೇ ಹಾಗೆ ಆಕ್ಷೇಪಿಸಿದವರಿದ್ದಾರೆ.

ಇಷ್ಟು ಅಳೆದರೂ ಫಲವೇನಾಯಿತು? 1990ರಲ್ಲಿ ನ್ಯೂಯಾರ್ಕಿನ ‘ಜೆಟ್ಸ್’ ಎರಡನೆಯ ಆಯ್ಕೆಯಲ್ಲಿ ಬ್ಲೇರ್ ಥಾಮಸ್ ಎಂಬ ಓಟಗಾರನನ್ನು ಹಿಡಿಯಿತು. ಎಮಿಟ್ ಸ್ಮಿತ್ ಎಂಬವನನ್ನು ಕಂಡು, ಎತ್ತರ ಸಾಲದು, ವೇಗ ಸಾಲದು ಎಂದು ಹದಿನಾರು ಆಯ್ಕೆಗಳಲ್ಲೂ ತಂಡಗಳು ಕೈಬಿಟ್ಟವು. ಹದಿನೇಳನೆಯದರಲ್ಲಿ ಡಲ್ಲಾಸ್ ತಂಡ ಆರಿಸಿತು. ಥಾಮಸ್ ತನ್ನ ಇಡೀ ವೃತ್ತಿಯಲ್ಲಿ ಎರಡೂವರೆ ಸಾವಿರ ಗಜವನ್ನೂ ದಾಟಲಿಲ್ಲ. ಸ್ಮಿತ್ ಹದಿನೈದು ವರ್ಷ ಆಡಿ 18,355 ಗಜ ಓಡಿದ. ಅಷ್ಟು ಗಜ ಓಡಿದವರು ಅವನಿಗೆ ಮೊದಲೂ ಇಲ್ಲ, 2025ರ ಋತುವಿನವರೆಗೆ ನಂತರವೂ ಇಲ್ಲ.

1995ರ ಆಯ್ಕೆ ಇನ್ನೂ ದೊಡ್ಡ ಪಾಠ. ಸಿನ್ಸಿನಾಟಿ ತಂಡ ಬೇರೆಯವರ ಸರದಿಯನ್ನು ಬೆಲೆ ಕೊಟ್ಟು ಪಡೆದು, ಕಿ-ಜಾನಾ ಕಾರ್ಟರ್ ಎಂಬ ಓಟಗಾರನನ್ನು ಎಲ್ಲರಿಗಿಂತ ಮೊದಲು ಆರಿಸಿತು. ಋತುವಿಗೆ ಮುಂಚಿನ ಅಭ್ಯಾಸ ಪಂದ್ಯದಲ್ಲಿ, ಮೂರನೆಯ ಓಟದಲ್ಲೇ, ಆತನ ಮೊಣಕಾಲಿನ ಕಟ್ಟು ಹರಿಯಿತು. ಮುಂದೆ ಹಲವು ವರ್ಷ ಆಡಿಯೂ ಒಟ್ಟು ಗಳಿಸಿದ್ದು 1,144 ಗಜ. ಅದೇ ಆಯ್ಕೆಯ ಮೂರನೆಯ ಸುತ್ತಿನಲ್ಲಿ 74ನೆಯವನಾಗಿ ಬಂದವನು ಕರ್ಟಿಸ್ ಮಾರ್ಟಿನ್. ಆತ 14,101 ಗಜ ಓಡಿದ. ಆರನೆಯ ಸುತ್ತಿನಲ್ಲಿ 196ನೆಯವನಾಗಿ ಡೆನ್ವರ್ ತಂಡಕ್ಕೆ ಬಂದವನು ಟೆರೆಲ್ ಡೇವಿಸ್. ಆತ ತಂಡದವರ ಕಣ್ಣಿಗೆ ಬಿದ್ದದ್ದು ಓಟದಿಂದಲೂ ಅಲ್ಲ. ಟೋಕಿಯೋದಲ್ಲಿ ನಡೆದ ಪ್ರದರ್ಶನ ಪಂದ್ಯವೊಂದರಲ್ಲಿ ಎದುರಾಳಿಯ ಮೇಲೆ ಎಗರಿ ಆತನನ್ನು ಕೆಡವಿದ ರಭಸದಿಂದ! 1998ರಲ್ಲಿ ಡೇವಿಸ್ ಒಂದೇ ಋತುವಿನಲ್ಲಿ 2,008 ಗಜ ಓಡಿದ. ಮರುವರ್ಷವೇ ಮೊಣಕಾಲು ಕೈಕೊಟ್ಟಿತು. ಮಾರ್ಟಿನ್ ಮತ್ತು ಡೇವಿಸ್ ಇಬ್ಬರೂ ಆಟದ ಕೀರ್ತಿಮಂದಿರವನ್ನು ಸೇರಿದರು.

ಗಡಿಯಾರಕ್ಕೆ ಏಕೆ ಇದು ತಿಳಿಯಲಿಲ್ಲ? 40 ಗಜದ ಓಟದಲ್ಲಿ ಅಡ್ಡ ನಿಲ್ಲುವವರಿಲ್ಲ. ಪಂದ್ಯದಲ್ಲಿ ಮೊದಲ ಎರಡು ಗಜದಲ್ಲೇ ಅಡ್ಡಗಟ್ಟುವವರಿದ್ದಾರೆ. ಸಂದನ್ನು ಕಾಣುವ ಕಣ್ಣು, ಒಂದು ಕ್ಷಣ ತಡೆದು ನಿಲ್ಲುವ ತಾಳ್ಮೆ, ಬಿದ್ದ ಮೇಲೆ ಮತ್ತೆ ಏಳುವ ಮನಸ್ಸು, ಇವಕ್ಕೆ ಗಜವೂ ಇಲ್ಲ, ಪೌಂಡೂ ಇಲ್ಲ.

ಬೆಲೆ ಇಳಿದ ಕಸುಬು

1978ರಲ್ಲಿ ನಿಯಮಗಳು ಬದಲಾಗಿ ಚೆಂಡೆಸೆತ ಸುಲಭವಾಯಿತು. ವರ್ಷ ಕಳೆದಂತೆ ಆಟ ಓಟದಿಂದ ಎಸೆತದ ಕಡೆಗೆ ವಾಲಿತು. ಕಾರ್ಟರನ ನಂತರ 2025ರವರೆಗೆ ಯಾವ ಓಟಗಾರನೂ ಮೊದಲ ಆಯ್ಕೆಯ ಪಟ್ಟವೇರಲಿಲ್ಲ. 2013, 2014 ಮತ್ತು 2024ರಲ್ಲಿ ಮೊದಲ ಸುತ್ತಿನಲ್ಲಿ ಒಬ್ಬ ಓಟಗಾರನನ್ನೂ ಆರಿಸಲಿಲ್ಲ. ಕಡೆಯ ಸುತ್ತಿನಲ್ಲೂ ಒಳ್ಳೆಯವರು ಸಿಗುವಾಗ ಮೊದಲ ಸುತ್ತನ್ನು ಏಕೆ ಖರ್ಚುಮಾಡಬೇಕು ಎಂಬುದು ಒಡೆಯರ ವಾದ. ಟೆರೆಲ್ ಡೇವಿಸನ ಗೆಲುವೇ ಅವನ ಕಸುಬುದಾರರ ಬೆಲೆ ಇಳಿಸುವ ವಾದಕ್ಕೆ ಆಧಾರವಾದದ್ದು ವಿಧಿಯ ವಿಡಂಬನೆ.

2011ರ ಒಪ್ಪಂದದ ಪ್ರಕಾರ ಹೊಸಬನ ಸಂಬಳ ಅವನ ಆಯ್ಕೆಯ ಸ್ಥಾನಕ್ಕೆ ತಕ್ಕಂತೆ ನಾಲ್ಕು ವರ್ಷಕ್ಕೆ ಗೊತ್ತಾಗಿಬಿಡುತ್ತದೆ. ಮೊದಲ ಸುತ್ತಿನವನನ್ನು ಐದನೆಯ ವರ್ಷವೂ ಹಿಡಿದಿಡಬಹುದು. ಬೇರೆಯವರಿಗೆ ಇದು ಆರಂಭದ ಕಾಲ. ಓಟಗಾರನಿಗೆ ಬಹುಮಟ್ಟಿಗೆ ಇದೇ ಪೂರ್ತಿ ಕಾಲ. ಬೆಲೆ ಮಾತಾಡುವ ಹಕ್ಕು ಬರುವ ಹೊತ್ತಿಗೆ ಮೊಣಕಾಲು ಸವೆದಿರುತ್ತದೆ. ತಪ್ಪು ತೂಗಿದ ತಂಡಕ್ಕೆ ಮರುವರ್ಷ ಇನ್ನೊಂದು ಆಯ್ಕೆ ಇದೆ. ತಪ್ಪಾಗಿ ತೂಗಿಸಿಕೊಂಡವನಿಗೆ ಇನ್ನೊಂದು ಮೊಣಕಾಲಿಲ್ಲ.

ಸಕ್ವಾನ್ ಬಾರ್ಕ್ಲಿಯನ್ನು 2018ರಲ್ಲಿ ನ್ಯೂಯಾರ್ಕಿನ ಜಯಂಟ್ಸ್ ಎರಡನೆಯ ಆಯ್ಕೆಯಲ್ಲಿ ಹಿಡಿದಾಗ, ಓಟಗಾರನಿಗೆ ಅಷ್ಟು ಮೇಲಿನ ಸ್ಥಾನವೇ ಎಂದು ಹಲವರು ಹಳಿದರು. 2020ರಲ್ಲಿ ಮೊಣಕಾಲು ಮುರಿಯಿತು. ಚೇತರಿಸಿಕೊಂಡು ಬಂದವನಿಗೆ ತಂಡ ದೀರ್ಘ ಒಪ್ಪಂದ ಕೊಡಲಿಲ್ಲ; ಆರು ವರ್ಷ ಆಡಿಸಿ 2024ರ ಮಾರ್ಚಿಯಲ್ಲಿ ಬಿಟ್ಟುಕೊಟ್ಟಿತು. ಆಗ ಆತ ತಾನೇ ಒಂದು ತಂಡವನ್ನು ಆರಿಸಿಕೊಂಡ. ಆ ಋತುವಿನಲ್ಲಿ 2,005 ಗಜ ಓಡಿದ. 2025ರ ಫೆಬ್ರುವರಿ 9ರಂದು, ತನ್ನ 28ನೆಯ ಹುಟ್ಟುಹಬ್ಬದ ದಿನ, ಆ ತಂಡದೊಡನೆ ಸೂಪರ್ ಬೌಲ್ ಗೆದ್ದ.

ಆ ತಂಡ ಯಾವುದು ಗೊತ್ತೆ? ಫಿಲಡೆಲ್ಫಿಯಾದ ಈಗಲ್ಸ್. 1936ರಲ್ಲಿ ಅವರು ಮೊಟ್ಟಮೊದಲು ಆರಿಸಿದ ಓಟಗಾರ ಅವರಲ್ಲಿಗೆ ಬರಲೇ ಇಲ್ಲ. 88 ವರ್ಷಗಳ ಮೇಲೆ, ತೂಕದವರು ಮುಗಿಯಿತೆಂದು ಎಣಿಸುವ ವಯಸ್ಸಿನಲ್ಲಿ, ಇನ್ನೊಬ್ಬ ಓಟಗಾರ ಯಾರ ಸರದಿಗೂ ಕಾಯದೆ ತಾನಾಗಿಯೇ ಅವರ ಬಾಗಿಲಿಗೆ ನಡೆದು ಬಂದ.