ಕೋಟೆಯ ಹೊರಗಿನ ಕೋಟೆ: ಎಲೆಗಳ್ಳಿ (ನಮ್ಮ ಗುಡ್ಡಗಳ ಕಥಿ, ಭಾಗ 6)

ಈ ಫೋಟೊದಾಗ ಕೋಟೆ ಹುಡುಕಬ್ಯಾಡ್ರಿ. ಕೆಳಗ ನೋಡ್ರಿ, ಬಂಡೆ ಸಂದಿಯಾಗ ಕೈ ಎತ್ತಿ ನಿಂತಿರೋ ಹಸಿರು ಮುಳ್ಳಿನ ಮರ. ಯಾದಗಿರಿ, ಶಹಾಪುರ, ಸುರಪುರದ ಒಣ ಗುಡ್ಡ ಹತ್ತಿದೋರಿಗೆಲ್ಲ ಇದರ ಪರಿಚಯ ಇದ್ದೇ ಇರ್ತದ. ಹೆಸರು ಎಲೆಗಳ್ಳಿ.

"ಕ್ಯಾಕ್ಟಸ್ಸಾ?" ಅಂದ್ರ, ಅಲ್ರಿ. ಕ್ಯಾಕ್ಟಸ್‌ನ ತವರು ಅಮೆರಿಕ. ನಮ್ಮ ಹೊಲದ ಬದುವಿನ ಪಾಪಾಸುಕಳ್ಳಿ ಅಲ್ಲಿಂದ ಹಡಗು ಹತ್ತಿ ಬಂದದ್ದು. ಎಲೆಗಳ್ಳಿ ಈ ನೆಲದ್ದೇ. ಇದರ ಮುಳ್ಳು ಜೋಡಿ ಜೋಡಿ, ಗಾಯ ಆದ್ರ ಹಾಲು ಸುರೀತದ. (ಹಾಲು ಕಣ್ಣಿಗೆ ಬಿದ್ರ ಬಹಳ ಅಪಾಯ, ಮುರಿದು ನೋಡಬ್ಯಾಡ್ರಿ.) ಬೇಸಿಗೆಯಲ್ಲಿ ಎಲೆ ಉದುರಿಸಿ, ಕಾಂಡದಲ್ಲಿ ನೀರು ಕೂಡಿಟ್ಟುಕೊಂಡು, ಆ ಹಸಿರು ಕಾಂಡದಿಂದಲೇ ಆಹಾರ ತಯಾರಿಸಿಕೊಳ್ಳುತ್ತದೆ.

ಹೆಸರಿಗೂ ವಯಸ್ಸಾಗಿದೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ 'ಹೊರ್ತುಸ್ ಮಲಬಾರಿಕಸ್'ನಲ್ಲಿ ಮಲಯಾಳದ 'ಎಲಕಳ್ಳಿ' ಇದೆ. ನಮ್ಮ ಎಲೆಗಳ್ಳಿಯ ಅಕ್ಕನೋ ತಂಗಿಯೋ ಅನ್ನೋ ಹಂಗ ಅದ ಆ ಹೆಸರು!

ಈಗ ಇತಿಹಾಸಕ್ಕ ಬರೋಣ. ಸುರಪುರದ ಪಕ್ಕದ ವಾಗಣಗೇರಾಕ್ಕೆ 1705ರಲ್ಲಿ ಔರಂಗಜೇಬ್ ಖುದ್ದಾಗಿ ಬಂದು ಮುತ್ತಿಗೆ ಹಾಕಿದ ಕಥಿ ನಮಗೆಲ್ಲ ಗೊತ್ತು. ಕೋಟೆ ಅಂದಕೂಡಲೆ ನಾವು ನೆನೆಸೋದು ಕಲ್ಲು, ತೋಪು. ಆದರೆ ಆ ಕಾಲದ ಕಾವಲಿನಲ್ಲಿ ಮುಳ್ಳಿಗೂ ಪಾಲಿತ್ತು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಪೇಟೆಗೆ ನುಗ್ಗಿದಾಗ, ಪೇಟೆಯ ಸುತ್ತ ಗೋಡೆ, ಕಂದಕದ ಜೊತೆಗೆ ದಟ್ಟವಾದ ಮುಳ್ಳಿನ ಬೇಲಿಯೂ ಇತ್ತು.

ಕಳ್ಳಿಯನ್ನು ತೆರಿಗೆ ಕಾಯೋಕೂ ಹಚ್ಚಿದ್ರು! ತೆರಿಗೆ ಕಟ್ಟದ ಉಪ್ಪು ಗಡಿ ದಾಟಬಾರದು ಅಂತ ಬ್ರಿಟಿಷರು ಸಿಂಧೂ ನದಿಯಿಂದ ಮಹಾನದಿ ಕಡೆಗೆ ಸುಮಾರು 4,000 ಕಿ.ಮೀ. ಸುಂಕದ ಗಡಿ ಎಳೆದಿದ್ದರು. ಅದರ ದೊಡ್ಡ ಭಾಗಕ್ಕೆ ಮುಳ್ಳಿನ ಬೇಲಿ. ಬೇರೆ ಗಿಡ ಬಾರದ ಒಣ ಕಲ್ಲುನೆಲದಲ್ಲಿ ಕಳ್ಳಿಯನ್ನೂ ನೆಟ್ಟರು. 1879ರಲ್ಲಿ ಆ ಗಡಿಯನ್ನೇ ಕೈಬಿಟ್ಟರು.

ಬಿಕಾಂ ಓದೋಳು ನಾನು, ಲೆಕ್ಕ ಬಿಡೋಕಾಗಲ್ಲ ನೋಡ್ರಿ. ತಂತಿಬೇಲಿ ಹಾಕಿದ್ರ ವರ್ಷಾ ವರ್ಷಾ ಸವಕಳಿ ಬರೀಬೇಕು. ಕಳ್ಳಿಬೇಲಿ ಹಂಗಲ್ಲ. ಒಂದು ಟೊಂಗೆ ನೆಟ್ರ ಬೇರು ಬಿಡ್ತದ, ವರ್ಷ ಹೋದಂಗ ದಪ್ಪ ಆಗ್ತದ. ಆಡು ಮುಟ್ಟಲ್ಲ, ನೀರು ಕೇಳಲ್ಲ. ಅದರ ಮುಳ್ಳಿನ ಮರೆಯಾಗ ಬೇರೆ ಸಸಿಗಳೂ ಆಡಿನ ಬಾಯಿ ತಪ್ಪಿಸಿಕೊಂಡು ಬೆಳೀತಾವ.

ಆದ್ರ ದಾರಿ ಅಗಲ ಮಾಡುವಾಗ ಜೆಸಿಬಿ ಬಾಯಿಗೆ ಮೊದಲು ಸಿಗೋದು ಈ ಬೇಲಿನೇ. ಕೋಟೆಯ ಒಂದು ಕಲ್ಲು ಉರುಳಿದ್ರ ಪೇಪರ್‌ನ್ಯಾಗ ಬರ್ತದ. ನೂರು ಮಾರು ಕಳ್ಳಿಬೇಲಿ ಹೋದ್ರ ಯಾವ ಲೆಕ್ಕದ ಪುಸ್ತಕದಾಗೂ ಒಂದು ಸಾಲು ಇರಲ್ಲ. ಬೇಲಿ ಹೋದಮ್ಯಾಲ ಅಲ್ಲಿ ಬೇಲಿ ಇತ್ತು ಅನ್ನೋದಕ್ಕ ಹಿರಿಯರ ನೆನಪೊಂದೇ ಸಾಕ್ಷಿ.

ಅದಕ್ಕ ಇವತ್ತು ಮನ್ಯಾಗ ಅಜ್ಜನ್ನೋ ಅಮ್ಮನ್ನೋ ಕೇಳ್ರಿ: ನಮ್ಮೂರಾಗ ಕಳ್ಳಿಬೇಲಿ ಎಲ್ಲಿತ್ತು, ಅದಕ್ಕ ಏನಂತಿದ್ರು? ಊರಿನ ಹೆಸರು ಸಹಿತ ಕಾಮೆಂಟ್‌ನ್ಯಾಗ ಬರೀರಿ. ಇನ್ನೂ ಉಳಿದಿದ್ರ ಫೋಟೊ ಕಳಿಸ್ರಿ, ಹೆಸರು ಹಾಕಿ ಸ್ಟೋರಿ ಮಾಡ್ತೀನಿ.

ಮುಂದಿನ ಭಾಗ: ರಾಜನಕೋಳೂರಿನ ಕಲ್ಲುಸಮಾಧಿಗಳು.

#ಎಲೆಗಳ್ಳಿ #ಸುರಪುರ #ಶಹಾಪುರ #ಯಾದಗಿರಿ